ಊರ ಲೆಕ್ಕ ಬರೆದವರು

1963ರ ಫೆಬ್ರವರಿ 1ರಂದು ಆಗಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿ ಕೆಲಸ, ನೀರಗಂಟಿ ಕೆಲಸ ಎಲ್ಲವೂ ಒಟ್ಟಿಗೆ ರದ್ದಾದವು. ವಿಧಾನಮಂಡಲ 1961ರಲ್ಲೇ ಒಪ್ಪಿದ್ದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅಂದು ಜಾರಿಗೆ ಬಂತು. ನೂರಾರು ವರ್ಷ ಅಪ್ಪನಿಂದ ಮಗನಿಗೆ ಇಳಿದು ಬಂದಿದ್ದ ಅಧಿಕಾರ, ಅದರ ಜೊತೆಗೆ ಅಷ್ಟೇ ಕಾಲ ಇಳಿದು ಬಂದಿದ್ದ ಬಿಟ್ಟಿ ದುಡಿಮೆ, ಎರಡಕ್ಕೂ ಕಾನೂನು ಅದೇ ದಿನ ಮುಕ್ತಾಯ ಹಾಡಿತು. ಕನ್ನಡ ನಾಡಿನಲ್ಲಿ ಸರ್ಕಾರಿ ನೌಕರಿಯ ಚರಿತ್ರೆ ಬರೆಯುವವರು ದಿವಾನರಿಂದ ಶುರುಮಾಡುವುದು ವಾಡಿಕೆ. ಆದರೆ ರೈತನ ಪಾಲಿಗೆ ಸರ್ಕಾರವೆಂದರೆ ಊರಿನ ಶಾನುಭೋಗನೇ ಆಗಿದ್ದ. ಆ ಚರಿತ್ರೆ ಅವನ ಜಗುಲಿಯಿಂದಲೇ ಶುರುವಾಗಬೇಕು.

ಶಾನುಭೋಗರ ಪೂರ್ವಿಕರು ಶಾಸನಗಳಲ್ಲಿ ಸೇನಬೋವ ಎಂಬ ಹೆಸರಿನಲ್ಲಿ ಸಿಗುತ್ತಾರೆ. ದಾನಕೊಟ್ಟ ಅರಸನ ಹೆಸರು, ಪಡೆದ ದೇವಾಲಯದ ಹೆಸರು, ಭೂಮಿಯ ಎಲ್ಲೆ ಎಲ್ಲ ಮುಗಿದ ಮೇಲೆ ಶಾಸನದ ಕೊನೆಯಲ್ಲಿ ಅದನ್ನು ಬರೆದ ಸೇನಬೋವನ ಹೆಸರು ಬರುವುದುಂಟು. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಊರಿನ ಭೂಮಿಯ ಕಥೆಯೆಲ್ಲ ಆ ಒಬ್ಬನ ಬರಹದಲ್ಲಿತ್ತು.

ಹಳೆ ಮೈಸೂರಿನ ಹಳ್ಳಿಯೊಂದಕ್ಕೆ ಹನ್ನೆರಡು ಮಂದಿ ಆಯಗಾರರಿರುತ್ತಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಆಡಳಿತಕ್ಕೆ ಸೇರಿದವರು. ಜೋಯಿಸ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಕೆಲವೆಡೆ ಅಕ್ಕಸಾಲಿ, ಇವರು ಊರಿನ ದಿನನಿತ್ಯದ ಬದುಕಿಗೆ ಬೇಕಾದವರು. ಇವರಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಸಿಗುತ್ತಿತ್ತು, ಕೆಲಸಕ್ಕೆ ತಕ್ಕಂತೆ ಇನಾಂ ಭೂಮಿಯಿರುತ್ತಿತ್ತು. ಗೌಡ ಕಂದಾಯ ಎತ್ತಬೇಕು, ಶಾನುಭೋಗ ಅದರ ಲೆಕ್ಕ ಇಡಬೇಕು. ತಳವಾರನದು ಕಾವಲು, ಕಳ್ಳರ ಪತ್ತೆ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯ ಪ್ರಕಾರ ನೀರು ಬಿಡುವವನು ನೀರಗಂಟಿ. ಬೆಳೆ ಕಾಯುವುದು, ಡಂಗುರ ಸಾರುವುದು, ಅಮಲ್ದಾರರ ಸಾಮಾನು ಹೊರುವುದು, ಕಂದಾಯದ ಹಣ ತಾಲ್ಲೂಕು ಕಚೇರಿಗೆ ಇರಸಾಲಾಗುವಾಗ ಜೊತೆಗೆ ನಡೆಯುವುದು ತೋಟಿಯ ಪಾಲಿನ ಕೆಲಸ.

1803ರಿಂದ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸ ಗ್ರಂಥದಲ್ಲಿ ಊರ ಲೆಕ್ಕದ ಕಡತವನ್ನು ವಿವರವಾಗಿ ಬಣ್ಣಿಸಿದ್ದಾರೆ. ಎಂಟು ಅಂಗುಲದಿಂದ ಒಂದಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ. ಅದರ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿದರೆ ಕಪ್ಪು ಪುಸ್ತಕವೇ ಸಿದ್ಧ. ಬರೆಯುವುದಕ್ಕೆ ಬಳಪ. ತಪ್ಪಿದರೆ ಒರೆಸಿ ತಿದ್ದಬಹುದು, ಲೇಪ ಮಾಸಿದರೆ ಹುಣಸೆ ಬೀಜದ ಗಂಜಿ ಬಳಿದು ಮತ್ತೆ ಹೊಸದು ಮಾಡಿಕೊಳ್ಳಬಹುದು. ಜೋಪಾನವಾಗಿಟ್ಟರೆ ಬಹುಕಾಲ ಬಾಳುತ್ತಿತ್ತು. ಶೃಂಗೇರಿ ಮಠದ ಹಳೆಯ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಒರೆಸಿ ತಿದ್ದುವ ಅನುಕೂಲ ಬರೆಯುವವನಿಗೆ ಎಂಥ ಅಧಿಕಾರ ಕೊಟ್ಟಿತ್ತೆಂಬುದನ್ನು ಓದಲು ಬಾರದ ರೈತ ಚೆನ್ನಾಗಿ ತಿಳಿದಿದ್ದ. ಊರಿನಲ್ಲಿ ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾರ ಬಾಕಿ ಎಷ್ಟು ಎಂಬುದು ಶಾನುಭೋಗನ ಬಾಯಿಂದಲೇ ಹೊರಡಬೇಕಿತ್ತು.

ಆಳುವವರಿಗೂ ಅವನಿಲ್ಲದೆ ನಡೆಯುತ್ತಿರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಕರಾವಳಿಯ ಶಾನುಭೋಗರ ಬಳಿಯಿದ್ದ ಹಳೆಯ ಲೆಕ್ಕಗಳನ್ನು ಹುಡುಕಿಸಿ ಅವುಗಳ ಆಧಾರದ ಮೇಲೆ ಅಲ್ಲಿನ ಭೂಕಂದಾಯದ ಪೂರ್ವೋತ್ತರ ಬರೆದರು. ರಾಜರು ಬದಲಾದರು, ಶಾನುಭೋಗರ ಮನೆ ಬದಲಾಗಲಿಲ್ಲ.

ಆದರೆ ಊರಿನ ಎಲ್ಲೆಯ ಜ್ಞಾನ ಬರಹದಲ್ಲಿ ಮಾತ್ರ ಇರಲಿಲ್ಲ. ಅದು ಊರ ಹೊರಗೆ ವಾಸವಿದ್ದ ಕುಳವಾಡಿಯ ನೆನಪಿನಲ್ಲೂ ಇತ್ತು. ಮೈಸೂರು ಕಮಿಷನ್ನಿನಲ್ಲಿದ್ದ ಅಧಿಕಾರಿ ಮೆಕೆಂಜಿ 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದ ಟಿಪ್ಪಣಿಯೊಂದು ಈ ವಿಷಯದಲ್ಲಿ ಮತ್ತೆ ಮತ್ತೆ ಓದಬೇಕಾದದ್ದು. ಎರಡು ಊರುಗಳ ನಡುವೆ ಗಡಿ ವ್ಯಾಜ್ಯ ಬಂದರೆ ಹೊಲೆಯ ಸಮುದಾಯದ ಕುಳವಾಡಿ ಹೇಳಿದ್ದೇ ಕೊನೆಯ ತೀರ್ಪು. ಊರಿನ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರು ತುಂಬಿ, ಅದನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯ ಉದ್ದಕ್ಕೂ ನಡೆಯಬೇಕು. ತಪ್ಪಿಯಾದರೂ ಎಲ್ಲೆ ದಾಟಿದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಜನರ ನಂಬಿಕೆ. ಊರಿನ ಬಾವಿ ಮುಟ್ಟುವ ಹಾಗಿಲ್ಲದವನ ಮಾತಿಗೆ ಊರಿನ ಗಡಿಯ ವಿಚಾರದಲ್ಲಿ ಎಲ್ಲರೂ ತಲೆಬಾಗುತ್ತಿದ್ದರು. ಸತ್ಯ ಹೇಳುವ ಹೊಣೆಯನ್ನು ಪ್ರಾಣ ಪಣಕ್ಕಿಟ್ಟು ಹೊರಬೇಕಾದವನೂ ಅವನೇ. ಸಾರ್ವಜನಿಕ ಸೇವೆಯ ಚರಿತ್ರೆಯಲ್ಲಿ ಈ ಮನುಷ್ಯನಿಗೆ ಒಂದು ಅಧ್ಯಾಯ ಸಲ್ಲಬೇಕಿತ್ತು. ಅದು ಸಂದಿಲ್ಲ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ಸರ್ವೆಯಿಂದ. ಮೈಸೂರಿನಲ್ಲಿ 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮುಂಬಯಿ ಮಾದರಿಯ ಭೂಮಾಪನ ಶುರುವಾಯಿತು. ಹೊಲಗಳಿಗೆ ನಂಬರು ಬಂತು, ಮೂಲೆಗಳಲ್ಲಿ ಬಾಂದು ಕಲ್ಲು ನಿಂತವು, ನಕ್ಷೆ ಕಚೇರಿ ಸೇರಿತು. ಗಡಿಯ ಜ್ಞಾನ ಕುಳವಾಡಿಯ ತಲೆಯಿಂದಲೂ ಶಾನುಭೋಗನ ಕಡತದಿಂದಲೂ ಸರ್ಕಾರದ ಕಪಾಟಿಗೆ ಹೋಯಿತು. ಹುದ್ದೆ ಮಾತ್ರ ವಂಶದಲ್ಲೇ ಉಳಿಯಿತು. ಅಷ್ಟೇ ಅಲ್ಲ, ಅದುವರೆಗೆ ರೂಢಿಯಾಗಿದ್ದದ್ದನ್ನು ಬ್ರಿಟಿಷರ ಕಾಲದ ಕಾಯ್ದೆಗಳು ಕಟ್ಟುಪಾಡಾಗಿ ಬರೆದಿಟ್ಟವು. ಮುಂಬಯಿ ಪ್ರಾಂತದಲ್ಲಿ 1874ರ ವತನ ಕಾಯ್ದೆ, ಮದರಾಸಿನಲ್ಲಿ 1895ರ ಕಾಯ್ದೆ, ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮ ಹುದ್ದೆಗಳ ಕಾಯ್ದೆ. ಹುದ್ದೆ ಖಾಲಿಯಾದರೆ ಮೊದಲು ನೋಡುವುದು ವಾರಸುದಾರಿಕೆಯನ್ನು. ವಾರಸುದಾರ ಇನ್ನೂ ಬಾಲಕನಾಗಿದ್ದರೆ ಬದಲಿಯವರನ್ನಿಟ್ಟು ಅವನು ಬೆಳೆಯುವವರೆಗೆ ಕಾಯುವುದೂ ಇತ್ತು. ಮೈಸೂರಿನ ಪಟೇಲ ಶಾನುಭೋಗರಿಗೆ ಸರ್ಕಾರ ಕೊಡುತ್ತಿದ್ದ ನಗದು ಪೋಟಗಿ ಅಲ್ಪವೇ. ಆದರೂ ಶಾನುಭೋಗಿಕೆಗಾಗಿ ದಾಯಾದಿಗಳು ಕೋರ್ಟು ಕಚೇರಿ ಅಲೆಯುತ್ತಿದ್ದರು. ಊರಿನಲ್ಲಿ ಆ ಹುದ್ದೆ ತರುತ್ತಿದ್ದ ಮಾತಿನ ತೂಕ ಪೋಟಗಿಯ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಲೋಕದ ಒಳಗು ಪರಿಚಿತ. ಕಾದಂಬರಿಯ ಚೆನ್ನಿಗರಾಯನಿಗೆ ಶಾನುಭೋಗಿಕೆ ಬಂದಿರುವುದು ಹುಟ್ಟಿನಿಂದ. ಲೆಕ್ಕ ಬರೆಯುವ ಶಕ್ತಿ ಅವನಿಗಿಲ್ಲ. ಪುಸ್ತಕಕ್ಕೆ ಗೆರೆ ಹಾಕಿ, ಕಂದಾಯದ ಲೆಕ್ಕ ಕೂಡಿಸಿ, ಜಮಾಬಂದಿಗೆ ಎಲ್ಲವನ್ನೂ ಸಿದ್ಧ ಮಾಡುವವಳು ಹೆಂಡತಿ ನಂಜಮ್ಮ. ಹೆಸರು ಅವನದು, ಕೆಲಸ ಅವಳದು. ಪ್ಲೇಗು, ಬರ, ಬಡತನದ ನಡುವೆ ಆ ಹೆಂಗಸಿನ ಕೈಬರಹವೇ ಮನೆಯನ್ನು ನಿಲ್ಲಿಸಿತ್ತು. ಅದು ಕಾದಂಬರಿ ನಿಜ. ಆದರೆ ಹುಟ್ಟೇ ಅರ್ಹತೆಯಾದಾಗ ಏನಾಗುತ್ತದೆಂಬುದನ್ನು ಯಾವ ಆಡಳಿತ ವರದಿಯೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಯೋಗ್ಯತೆಯಿಲ್ಲದವನಿಗೆ ಹುದ್ದೆ ಸಿಗುತ್ತದೆ, ಯೋಗ್ಯತೆಯಿರುವವಳಿಗೆ ಹುದ್ದೆಯ ಹೆಸರೂ ದಕ್ಕುವುದಿಲ್ಲ.

ಮೇಲಿನ ಹಂತದಲ್ಲಿ ಬಾಗಿಲು ಬೇರೆ ರೀತಿಯಲ್ಲಿ ತೆರೆಯಿತು. 1881ರಲ್ಲಿ ಸಂಸ್ಥಾನ ಬ್ರಿಟಿಷರಿಂದ ಒಡೆಯರಿಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ಮೈಸೂರು ಸಿವಿಲ್ ಸರ್ವೀಸಿಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ಶಿಫಾರಸಿಗೆ ಬದಲು ಉತ್ತರ ಪತ್ರಿಕೆ ಮಾತಾಡುವ ಕಾಲ ಶುರುವಾಯಿತು. 1914ರಲ್ಲಿ ಈ ಪರೀಕ್ಷೆ ಗೆದ್ದು ಅಸಿಸ್ಟೆಂಟ್ ಕಮಿಷನರ್ ಆದ ತರುಣ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮುಂದೆ ಮೂರು ದಶಕದ ಹತ್ತಿರ ಊರೂರು ಸುತ್ತಿ, ಡೆಪ್ಯುಟಿ ಕಮಿಷನರ್ ಕೂಡ ಆಗಿ ಅವರು ಕಂಡ ಜನ ಕನ್ನಡದ ಸಣ್ಣಕಥೆಯೊಳಗೆ ಬಂದು ನೆಲೆಸಿದರು. ಅಮಲ್ದಾರಿಕೆ ಮಾಡಿದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಆ ಕಾಲದ ಕಚೇರಿ, ಕ್ಯಾಂಪು, ಹಳ್ಳಿಗರ ನಡೆನುಡಿಯ ದಾಖಲೆಯೂ ಹೌದು. ಆಡಳಿತ ಮತ್ತು ಸಾಹಿತ್ಯ ಇಷ್ಟು ಹತ್ತಿರ ಬಂದ ಕಾಲ ಕನ್ನಡದಲ್ಲಿ ಮತ್ತೆ ಬರಲಿಲ್ಲ.

ಪರೀಕ್ಷೆ ನ್ಯಾಯವಾಗಿತ್ತು, ಪರೀಕ್ಷೆಗೆ ಕೂರುವವರೆಗಿನ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ತಲೆಮಾರುಗಳಿಂದ ಅಕ್ಷರ ಕೈಯಲ್ಲಿದ್ದ ಮನೆಗಳ ಹುಡುಗರೇ ಹೆಚ್ಚಾಗಿ ಇಂಗ್ಲಿಷ್ ಶಾಲೆ ಸೇರಿದರು, ಅವರೇ ಹೆಚ್ಚಾಗಿ ಗೆದ್ದರು. ಬ್ರಾಹ್ಮಣೇತರ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ ಇದನ್ನು ಪ್ರಶ್ನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ನೂರು ವರ್ಷದ ಈಚೆಗೆ ನಿಂತು ನೋಡಿದರೆ ನಾಲ್ವಡಿಯವರ ನಿರ್ಧಾರವೇ ದೂರದೃಷ್ಟಿಯದಾಗಿ ಕಾಣುತ್ತದೆ. ಅರ್ಧ ಶತಮಾನ ಕಳೆದು ದೇವರಾಜ ಅರಸು ಸರ್ಕಾರ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ ರಚಿಸಿದಾಗ, 1975ರಲ್ಲಿ ಅದು ವರದಿ ಕೊಟ್ಟಾಗ, ಮೈಸೂರಿಗೆ ಆ ಮಾತು ಹೊಸದೇನೂ ಆಗಿರಲಿಲ್ಲ.

ವಿಚಿತ್ರವೆಂದರೆ ಅಮಲ್ದಾರನಾಗಲು ಪರೀಕ್ಷೆ ಬೇಕಿದ್ದ ಕಾಲದಲ್ಲೂ ಅವನ ಕೈಕೆಳಗಿನ ಶಾನುಭೋಗನಾಗಲು ಅಪ್ಪನೇ ಸಾಕಿತ್ತು. ಸಂವಿಧಾನ ಬಂದ ಮೇಲೂ ಹತ್ತು ವರ್ಷ ಇದು ಹೀಗೇ ನಡೆಯಿತು. ಸರ್ಕಾರಿ ಹುದ್ದೆಯಲ್ಲಿ ಧರ್ಮ, ಜಾತಿ, ಲಿಂಗದ ಭೇದ ಕೂಡದು ಎನ್ನುವ 16ನೇ ವಿಧಿಯಲ್ಲಿ ವಂಶದ ಭೇದವೂ ಕೂಡದೆಂಬ ಮಾತಿದೆ. ಆ ಮಾತಿಗೆ ಜೀವ ಬಂದದ್ದು 1960ರ ಡಿಸೆಂಬರಿನಲ್ಲಿ, ಆಂಧ್ರದ ಗುಂಟೂರು ಜಿಲ್ಲೆಯ ಒಂದು ಹಳ್ಳಿಯ ಮುನಸೀಫನ ಹುದ್ದೆಯ ವ್ಯಾಜ್ಯದಲ್ಲಿ. ಹಳೆಯ ಮುನಸೀಫನ ಮಗನೆಂಬ ಕಾರಣಕ್ಕೆ ಒಬ್ಬನಿಗೆ ಹುದ್ದೆ ಕೊಡಲಾಗಿತ್ತು. ಇನ್ನೊಬ್ಬ ಅಭ್ಯರ್ಥಿ ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ. ಊರಿನ ಹುದ್ದೆಯೂ ಸರ್ಕಾರದ ಹುದ್ದೆಯೇ, ವಂಶದ ಆಧಾರದಲ್ಲಿ ಅದನ್ನು ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ 1895ರ ಮದರಾಸು ಕಾಯ್ದೆಯ ಆ ಕಲಮನ್ನು ತಳ್ಳಿಹಾಕಿತು. ಬಳ್ಳಾರಿಯ ಕರಣಂ, ದಕ್ಷಿಣ ಕನ್ನಡದ ಶಾನುಭೋಗ ಎಲ್ಲರೂ ಅದೇ ಮದರಾಸಿನ ಪದ್ಧತಿಯಲ್ಲಿ ಬೆಳೆದವರು.

ಮೈಸೂರು ರಾಜ್ಯಕ್ಕೆ ಇನ್ನೊಂದು ತೊಡಕಿತ್ತು. 1956ರಲ್ಲಿ ಒಂದಾದ ಕನ್ನಡ ಪ್ರದೇಶಗಳು ಐದು ಆಡಳಿತಗಳಿಂದ ಐದು ಬಗೆಯ ಊರ ಅಧಿಕಾರಿಗಳನ್ನು ತಂದಿದ್ದವು. ಕಲಬುರಗಿ, ರಾಯಚೂರು, ಬೀದರ್ ಕಡೆ ಮಾಲಿ ಪಾಟೀಲ, ಪೊಲೀಸ ಪಾಟೀಲ, ಪಟವಾರಿ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕುಲಕರ್ಣಿ ವತನಗಳನ್ನು ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಮೊದಲೇ ತೆಗೆದುಹಾಕಿತ್ತು. ಅಲ್ಲಿ ಸಂಬಳದ ತಲಾಠಿ ಆಗಲೇ ಬಂದಿದ್ದ. ಇವೆಲ್ಲವನ್ನೂ ಒಂದೇ ಅಚ್ಚಿಗೆ ತರುವ ಕಾಯ್ದೆ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಆಯಿತು, ನಿಜಲಿಂಗಪ್ಪನವರ ಕಾಲದಲ್ಲಿ ಜಾರಿಯಾಯಿತು. ನೆರೆಯ ತಮಿಳುನಾಡು ಇದೇ ಹೆಜ್ಜೆಯಿಟ್ಟದ್ದು 1980ರಲ್ಲಿ, ಆಂಧ್ರ 1984ರಲ್ಲಿ. ಕನ್ನಡ ನಾಡು ಈ ವಿಷಯದಲ್ಲಿ ಹತ್ತಿರಹತ್ತಿರ ಇಪ್ಪತ್ತು ವರ್ಷ ಮುಂದಿತ್ತೆಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು.

ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅವರಿಗೆ ಒಂದೇ ಊರಲ್ಲ, ಹಲವು ಊರು ಸೇರಿದ ವೃತ್ತ. ವರ್ಗಾವಣೆ ಉಂಟು. ಊರಿಗೆ ಹೊರಗಿನವರು, ಯಾವ ಜಾತಿಯವರೂ ಆಗಬಹುದು, ಕ್ರಮೇಣ ಹೆಂಗಸರೂ ಆದರು. ಕೂಲಿಕಾರರ ಮಗಳೊಬ್ಬಳು ಪಿಯುಸಿ ಮುಗಿಸಿ, ಊರಿನ ಗೌಡರ ಹೊಲದ ಪಹಣಿಗೆ ಬೆಳೆ ದಾಖಲಿಸುವ ಅಧಿಕಾರ ಪಡೆಯಬಲ್ಲಳೆಂಬುದನ್ನು 1950ರಲ್ಲಿ ಯಾವ ಹಳ್ಳಿಯೂ ಊಹಿಸಿರಲಾರದು.

ಇನಾಂ ಭೂಮಿಯ ಕಥೆ ಇಷ್ಟು ಸರಳವಾಗಿ ಮುಗಿಯಲಿಲ್ಲ. ಹುದ್ದೆಯ ಜೊತೆಗಿದ್ದ ಭೂಮಿಯನ್ನು ಸರ್ಕಾರ ವಾಪಸು ಪಡೆದು, ಹಣ ಕಟ್ಟಿಸಿಕೊಂಡು ಅದೇ ಕುಟುಂಬಗಳಿಗೆ ಮರುಮಂಜೂರು ಮಾಡಬೇಕಿತ್ತು. ಪಟೇಲ ಶಾನುಭೋಗರಿಗೆ ಕಚೇರಿಯ ದಾರಿ ಗೊತ್ತಿತ್ತು, ಕಾಗದ ಪತ್ರ ಸರಿಯಿದ್ದವು. ತೋಟಿ, ತಳವಾರ, ನೀರಗಂಟಿಗಳ ಮನೆಗಳಲ್ಲಿ ಅರ್ಜಿ ಬರೆಯುವವರೇ ಇರಲಿಲ್ಲ. ಮರುಮಂಜೂರಾತಿಗೆ ಮೊದಲೇ ಸಾಲಕ್ಕೆ, ಮದುವೆಗೆ ಭೂಮಿ ಮಾರಿಕೊಂಡವರಿದ್ದರು. 1978ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು ಕಟ್ಟು ಹಾಕಲಾಯಿತು. ಬೆಂಗಳೂರು ಬೆಳೆದು ಸುತ್ತಲ ಹಳ್ಳಿಗಳ ನೆಲಕ್ಕೆ ಚಿನ್ನದ ಬೆಲೆ ಬಂದ ಮೇಲೆ ತೋಟಿ ಇನಾಂ, ನೀರಗಂಟಿ ಇನಾಂ ಎಂಬ ಹೆಸರುಗಳು ಹೈಕೋರ್ಟಿನ ತೀರ್ಪುಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡವು. ತಲೆಮಾರುಗಟ್ಟಲೆ ದುಡಿದದ್ದಕ್ಕೆ ಸಿಕ್ಕ ಒಂದೆರಡು ಎಕರೆ, ಅದೂ ಕೈತಪ್ಪಿದ ಕುಟುಂಬಗಳ ನಷ್ಟ ಈ ಸುಧಾರಣೆಯ ಕಹಿ ಭಾಗ.

ಗ್ರಾಮಲೆಕ್ಕಿಗರ ಕೈಯಲ್ಲೂ ಹಳೆಯ ಶಾನುಭೋಗರ ಒಂದು ಶಕ್ತಿ ಉಳಿದಿತ್ತು. ಪಹಣಿ ಪುಸ್ತಕ ಅವರ ಬಳಿಯೇ ಇರುತ್ತಿತ್ತು. ಬ್ಯಾಂಕ್ ಸಾಲಕ್ಕೆ ಪಹಣಿಯ ನಕಲು ಬೇಕಾದ ರೈತ ಅವರಿದ್ದಲ್ಲಿಗೆ ಅಲೆಯಬೇಕು, ಅವರು ಸಿಕ್ಕಾಗ ಕೈಬಿಸಿ ಮಾಡಬೇಕು. ಇದನ್ನು ಮುರಿದದ್ದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರ ಸೇರಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬಳಪದಿಂದ ಬರೆದು ಒರೆಸುತ್ತಿದ್ದ ಕಾಲದಿಂದ ನಡೆದು ಬಂದಿದ್ದ ಒಂಟಿ ಲೆಕ್ಕಿಗನ ಹಿಡಿತ ಅಲ್ಲಿಗೆ ಸಡಿಲವಾಯಿತು.

ಅಷ್ಟರಲ್ಲಿ ಊರಿನ ಆಡಳಿತಕ್ಕೆ ಇನ್ನೊಂದು ಕವಲೂ ಬೆಳೆದಿತ್ತು. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಬಂದ 1983ರ ಪಂಚಾಯತ್ ಕಾಯ್ದೆ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ನಜೀರ್ ಸಾಬರು ಮರುವರ್ಷವೇ ತೀರಿಕೊಂಡರು. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಗ್ರಾಮ ಪಂಚಾಯಿತಿಗಳಿಗೆ ಕೆಲಸವೂ ಹಣವೂ ಹೆಚ್ಚಿದವು, ಮುಂದೆ ಪದವೀಧರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಬಂದರು. ಇಂದು ಹಳ್ಳಿಯ ಹುಡುಗ ಹುಡುಗಿಯರು ‘ಪಿಡಿಒ’ ಆಗಲು ಧಾರವಾಡ, ವಿಜಯಪುರ, ಬೆಂಗಳೂರಿನ ಕೋಚಿಂಗ್ ಕೇಂದ್ರಗಳ ಪಕ್ಕದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಓದುತ್ತಾರೆ.

ಗ್ರಾಮಲೆಕ್ಕಿಗರ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ. ಬಹುಕಾಲ ಪಿಯುಸಿ ಅಂಕದ ಮೇಲೆಯೇ ಜಿಲ್ಲಾವಾರು ಆಯ್ಕೆ ನಡೆಯುತ್ತಿತ್ತು. 2024ರಲ್ಲಿ 1000 ಹುದ್ದೆಗಳಿಗೆ ರಾಜ್ಯಮಟ್ಟದ ಲಿಖಿತ ಪರೀಕ್ಷೆ ನಡೆಯಿತು, ಕಡ್ಡಾಯ ಕನ್ನಡ ಪತ್ರಿಕೆಯೂ ಇತ್ತು. ಅದೇ ವರ್ಷ ಈಗಾಗಲೇ ಕೆಲಸದಲ್ಲಿದ್ದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಮೊಬೈಲಿನಲ್ಲಿ ಒಂದರ ಮೇಲೊಂದು ಆ್ಯಪ್ ತುಂಬಿ ಬೆಳೆ ಸಮೀಕ್ಷೆಯಿಂದ ಪಿಂಚಣಿಯವರೆಗೆ ಎಲ್ಲವನ್ನೂ ದಾಖಲಿಸಬೇಕು, ಅದಕ್ಕೆ ಬೇಕಾದ ಸಲಕರಣೆಯೂ ಕೂರಲು ಸರಿಯಾದ ಕಚೇರಿಯೂ ಇಲ್ಲ ಎಂಬುದು ಅವರ ದೂರು. ಇವರ ಜೊತೆಯಲ್ಲಿ ನೋಟಿಸು ಮುಟ್ಟಿಸುತ್ತ, ಸರ್ವೆಗೆ ದಾರಿ ತೋರಿಸುತ್ತ ಓಡಾಡುವ ಗ್ರಾಮ ಸಹಾಯಕರಲ್ಲಿ ಹಲವರು ಹಳೆಯ ತಳವಾರ, ತೋಟಿ ಮನೆತನಗಳ ಮಕ್ಕಳು, ಮೊಮ್ಮಕ್ಕಳು. ಅವರಿಗೆ ಸಿಗುವುದು ಗೌರವಧನ. ತಮ್ಮನ್ನು ಖಾಯಂ ನೌಕರರೆಂದು ಪರಿಗಣಿಸಿ ವೇತನ ಶ್ರೇಣಿ ಕೊಡಿ ಎಂದು ಅವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ.